ಬೀಗದ ಕೈ ಹಿಡಿದವರ ಹೊಣೆ: ಡೊರೊಥಿಯಾ ಡಿಕ್ಸ್ ಅವರ ಬದುಕು



ಪ್ರತಿ ಸಂಚಿಕೆಯಲ್ಲೂ ಒಬ್ಬ ಹಿರಿಯರ ಬದುಕಿನ ಪರಿಚಯ ಮಾಡಿಕೊಡುವುದು ನಾವು ನಡೆಸಿಕೊಂಡು ಬಂದಿರುವ ಪದ್ಧತಿ. ಇದುವರೆಗೆ ಹೆಚ್ಚಾಗಿ ನಾಡುನುಡಿಗೆ ದುಡಿದವರನ್ನೇ ನೆನೆದಿದ್ದೇವೆ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ನಮ್ಮ ಸದಸ್ಯರ ಮನೆಯ ಹೆಣ್ಣುಮಕ್ಕಳು ಕೆಲವರು ನರ್ಸಿಂಗ್ ಓದಿ ಮಾನಸಿಕ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ. ರೋಗಿಯನ್ನು ಕಟ್ಟಬಹುದೇ, ಕೋಣೆಗೆ ಬೀಗ ಹಾಕಬಹುದೇ, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು ಎಂದು ಸಂಘದ ಸಭೆಯಲ್ಲಿ ಅವರಲ್ಲೊಬ್ಬರು ಕೇಳಿದ್ದರು. ಕಾನೂನಿನ ಕಲಮುಗಳನ್ನು ಪಟ್ಟಿ ಮಾಡಿ ಕೊಟ್ಟರೆ ಯಾರೂ ಓದುವುದಿಲ್ಲ ಎಂಬುದು ನಮಗೆ ಕಚೇರಿಯ ಅನುಭವದಿಂದ ಗೊತ್ತು. ಆದ್ದರಿಂದ ಆ ಕಾನೂನುಗಳ ಬೇರು ಎಲ್ಲಿದೆ ಎಂದು ತೋರಿಸುವ ಒಂದು ಬದುಕನ್ನು ಹೇಳುತ್ತೇವೆ. ಅಮೆರಿಕದ ಡೊರೊಥಿಯಾ ಡಿಕ್ಸ್ ಅವರದು ಆ ಬದುಕು. ನರ್ಸಿಂಗ್ ಓದಿದವರು ಪಠ್ಯಪುಸ್ತಕದಲ್ಲಿ ಅವರ ಹೆಸರು ಕಂಡೇ ಇರುತ್ತಾರೆ.

ಶುರು ಮಾಡುವ ಮುಂಚೆ ನಮ್ಮದೇ ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ರಾಜ್ಯೋತ್ಸವದ ಆಮಂತ್ರಣ ಹಂಚಲು ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಹಿತ್ತಲ ಕಡೆಯ ಕೋಣೆಗೆ ಹೊರಗಿನಿಂದ ಚಿಲಕ, ಚಿಲಕಕ್ಕೆ ಬೀಗ. ಒಳಗಿನಿಂದ ಯಾರೋ ಒಂದೇ ಸಮನೆ ಬಾಗಿಲು ತಟ್ಟುತ್ತಿದ್ದರು. ಮನೆಯವರು ಎದ್ದು ಟೀವಿಯ ಸದ್ದು ಜೋರು ಮಾಡಿದರು. ನಾವು ಕಾಫಿ ಕುಡಿದು, ಆಮಂತ್ರಣ ಕೊಟ್ಟು, ತಪ್ಪದೆ ಬನ್ನಿ ಎಂದು ಹೇಳಿ ಬಂದುಬಿಟ್ಟೆವು. ಡಿಕ್ಸ್ ಅವರ ಬದುಕು ಓದುವಾಗಲೆಲ್ಲ ಆ ಬಾಗಿಲು ನೆನಪಾಗುತ್ತದೆ.

ಡೊರೊಥಿಯಾ ಹುಟ್ಟಿದ್ದು 1802ರ ಏಪ್ರಿಲ್ 4ರಂದು, ಅಮೆರಿಕದ ಈಶಾನ್ಯ ಮೂಲೆಯ ಮೇನ್ ಪ್ರಾಂತದ ಹ್ಯಾಂಪ್ಡನ್ ಎಂಬ ಊರಿನಲ್ಲಿ. ತಂದೆ ಊರೂರು ಅಲೆದು ಧರ್ಮಬೋಧನೆ ಮಾಡುತ್ತಿದ್ದವರು. ಕುಡಿತವಿತ್ತು, ದುಡ್ಡು ನಿಲ್ಲುತ್ತಿರಲಿಲ್ಲ. ತಾಯಿಗೆ ಸದಾ ಅನಾರೋಗ್ಯ. ತಂದೆ ಹಂಚುವ ಧಾರ್ಮಿಕ ಕಿರುಹೊತ್ತಗೆಗಳನ್ನು ಮಡಚಿ ಹೊಲಿಯುವ ಕೆಲಸ ಈ ಹುಡುಗಿಯ ಪಾಲಿಗೆ. ಇಬ್ಬರು ತಮ್ಮಂದಿರನ್ನು ನೋಡಿಕೊಳ್ಳುವುದೂ ಅವಳೇ. ಹನ್ನೆರಡನೇ ವಯಸ್ಸಿಗೆ ಬಾಸ್ಟನ್ ನಗರದ ಅಜ್ಜಿಯ ಮನೆ ಸೇರಿದಳು. ಅಜ್ಜಿ ಸ್ಥಿತಿವಂತೆ, ಶಿಸ್ತಿನವರು. ಆಮೇಲೆ ವುಸ್ಟರ್ ಊರಿನ ಬಂಧುಗಳ ಮನೆ. ಹದಿನಾಲ್ಕನೇ ವಯಸ್ಸಿಗೇ ಅಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದಳು. ಟೀಚರಮ್ಮನಂತೆ ಕಾಣಲೆಂದು ಉದ್ದನೆಯ ಲಂಗ ತೊಟ್ಟು ಪಾಠಕ್ಕೆ ನಿಲ್ಲುತ್ತಿದ್ದಳಂತೆ.

ಮುಂದೆ ಬಾಸ್ಟನ್ನಿನಲ್ಲಿ ಶಾಲೆ ನಡೆಸಿದರು. ಉಳ್ಳವರ ಮಕ್ಕಳ ಶಾಲೆಯ ಜೊತೆಗೆ ಬಡಮಕ್ಕಳಿಗೂ ಬೇರೆ ಹೊತ್ತಿನಲ್ಲಿ ಪಾಠ ಹೇಳಿದರು. ಮಕ್ಕಳಿಗೆ ದಿನಬಳಕೆಯ ವಸ್ತುಗಳ ಬಗ್ಗೆ ತಿಳಿಸುವ ಅವರ ಪುಸ್ತಕವೊಂದು 1824ರಲ್ಲಿ ಬಂದು ಮತ್ತೆ ಮತ್ತೆ ಅಚ್ಚಾಯಿತು. ಆದರೆ ಎದೆಯ ಕಾಯಿಲೆ ಅವರನ್ನು ಬಿಡಲಿಲ್ಲ. 1836ರಲ್ಲಿ ದೇಹವೂ ಮನಸ್ಸೂ ಕುಸಿದವು. ವೈದ್ಯರ ಸಲಹೆಯಂತೆ ಇಂಗ್ಲೆಂಡಿಗೆ ಹೋಗಿ ಲಿವರ್‌ಪೂಲ್‌ನ ರಾತ್‌ಬೋನ್ ಎಂಬ ಮನೆತನದವರ ಆಶ್ರಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಹಾಸಿಗೆ ಹಿಡಿದವರಿಗೆ ಬೇರೆಯವರ ಕೈಯಲ್ಲಿರುವುದು ಎಂದರೇನು, ಒಳ್ಳೆಯ ಆರೈಕೆ ಎಂದರೇನು ಎಂದು ಅವರು ತಿಳಿದದ್ದು ಇಲ್ಲಿ. ಯಾರ್ಕ್ ಊರಿನಲ್ಲಿ 1796ರಲ್ಲಿ ವಿಲಿಯಂ ಟ್ಯೂಕ್ ಎಂಬುವರು ಮಾನಸಿಕ ರೋಗಿಗಳಿಗಾಗಿ ಒಂದು ಆಶ್ರಯಮನೆ ತೆರೆದು, ಅಲ್ಲಿ ಸರಪಳಿ ಬಳಸದೆ ಕೆಲಸ, ಗಾಳಿ, ಬೆಳಕು, ಸಮಾಧಾನದ ಮಾತುಗಳಿಂದ ಅವರನ್ನು ನೋಡಿಕೊಳ್ಳುತ್ತಿದ್ದರು. ಆ ದೇಶದ ಸುಧಾರಕರ ನಡುವೆ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಊರಿಗೆ ಮರಳುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದರು. ಅಜ್ಜಿ ಬಿಟ್ಟುಹೋದ ಹಣದಿಂದ ಒಬ್ಬಂಟಿ ಜೀವನಕ್ಕೆ ಕೊರತೆ ಇರಲಿಲ್ಲ. ಮದುವೆಯಾಗಲಿಲ್ಲ. ಉಳಿದ ಆಯುಸ್ಸನ್ನು ಪುಸ್ತಕ ಓದುತ್ತಾ ಕಳೆಯಬಹುದಿತ್ತು.

1841ರ ಮಾರ್ಚ್ ಕೊನೆಯ ಒಂದು ಭಾನುವಾರ. ಬಾಸ್ಟನ್ ಪಕ್ಕದ ಈಸ್ಟ್ ಕೇಂಬ್ರಿಜ್ ಜೈಲಿನಲ್ಲಿ ಹೆಂಗಸರಿಗೆ ಧರ್ಮಪಾಠ ಹೇಳುವವರು ಬೇಕಾಗಿದ್ದರು. ಡಿಕ್ಸ್ ತಾವೇ ಹೋದರು. ಪಾಠ ಮುಗಿಸಿ ಜೈಲು ಸುತ್ತುವಾಗ, ಯಾವ ಅಪರಾಧವನ್ನೂ ಮಾಡದ ಕೆಲವು ಹೆಂಗಸರು ಕೊರೆಯುವ ಚಳಿಯ ಕೋಣೆಯಲ್ಲಿ ಒಲೆಯೂ ಇಲ್ಲದೆ ಬಿದ್ದಿದ್ದನ್ನು ಕಂಡರು. ಬುದ್ಧಿ ಕೆಟ್ಟವರು ಎಂಬುದಷ್ಟೇ ಅವರ ಅಪರಾಧ. ಬೇರೆಡೆ ಇಡಲು ಜಾಗವಿಲ್ಲವೆಂದು ಜೈಲಿಗೆ ತಂದು ಹಾಕಿದ್ದರು. ಒಲೆ ಏಕಿಲ್ಲವೆಂದು ಕೇಳಿದರೆ, ಹುಚ್ಚರಿಗೆ ಚಳಿ ತಿಳಿಯುವುದಿಲ್ಲ ಎಂಬ ಉತ್ತರ ಬಂತು.

ಈ ಉತ್ತರದ ಬಗ್ಗೆ ಸ್ವಲ್ಪ ಯೋಚಿಸಬೇಕು. ಹಾಗೆ ಹೇಳಿದವನು ರಾಕ್ಷಸನೇನಲ್ಲ. ಅದು ಅವತ್ತಿನ ಸಾಮಾನ್ಯ ತಿಳಿವಳಿಕೆ. ನೋವಾದರೂ ಇವರಿಗೆ ಗೊತ್ತಾಗುವುದಿಲ್ಲ ಎಂದು ಒಮ್ಮೆ ನಂಬಿಬಿಟ್ಟರೆ ಮುಂದಿನದೆಲ್ಲ ಸುಲಭ. ಬಟ್ಟೆ ಬೇಡ, ಹಾಸಿಗೆ ಬೇಡ, ಹೆಸರು ಹಿಡಿದು ಕರೆಯುವುದೂ ಬೇಡ. ಇಂದಿಗೂ ಆರೈಕೆ ಕೆಡುವುದು ಇದೇ ನಂಬಿಕೆಯಿಂದ.

ಡಿಕ್ಸ್ ಮನೆಗೆ ಹೋಗಿ ಕಂಬಳಿ ದಾನ ಮಾಡಿ ಸುಮ್ಮನಾಗಲಿಲ್ಲ. ವಿಷಯವನ್ನು ನ್ಯಾಯಾಲಯದ ಮುಂದೆ ಇಟ್ಟರು. ಒಲೆ ಬಂತು. ಆಗ ಅವರಿಗೆ ಇನ್ನೊಂದು ಪ್ರಶ್ನೆ ಹುಟ್ಟಿತು. ಇದೊಂದೇ ಜೈಲಿನಲ್ಲಿ ಹೀಗೋ, ಎಲ್ಲ ಕಡೆಯೂ ಹೀಗೆಯೋ?

ನೋಟ್‌ಬುಕ್ ಹಿಡಿದು ಹೊರಟರು. ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳನ್ನು, ಬಡವರ ಆಶ್ರಯಮನೆಗಳನ್ನು ಊರೂರು ಅಲೆದು ನೋಡಿದರು. ಇದಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ದಿಕ್ಕಿಲ್ಲದವರನ್ನು ನೋಡಿಕೊಳ್ಳುವ ಭಾರ ಆಗ ಆಯಾ ಊರಿನ ಮೇಲಿತ್ತು. ಹಲವು ಊರುಗಳಲ್ಲಿ ಅದನ್ನು ಹರಾಜು ಹಾಕುತ್ತಿದ್ದರು, ಅದೂ ತಲೆಕೆಳಗಾದ ಹರಾಜು. ವರ್ಷಕ್ಕೆ ಯಾರು ಎಲ್ಲರಿಗಿಂತ ಕಡಿಮೆ ದುಡ್ಡಿಗೆ ಒಪ್ಪುತ್ತಾರೋ ಅವರ ಮನೆಗೆ ಆ ಮನುಷ್ಯನನ್ನು ಒಪ್ಪಿಸುವುದು. ಕಡಿಮೆ ದುಡ್ಡಿಗೆ ಒಪ್ಪಿದವನು ಲಾಭ ಉಳಿಸಿಕೊಳ್ಳಬೇಕಾದರೆ ಊಟ, ಸೌದೆ, ಬಟ್ಟೆಯಲ್ಲೇ ಉಳಿಸಬೇಕು. ದನದ ಕೊಟ್ಟಿಗೆಯಲ್ಲಿ, ನೆಲಮಾಳಿಗೆಯಲ್ಲಿ, ಮರದ ಪಂಜರದಲ್ಲಿ ಮನುಷ್ಯರನ್ನು ಡಿಕ್ಸ್ ಕಂಡರು. ಮೈಮೇಲೆ ಬಟ್ಟೆಯಿಲ್ಲದವರು, ಸರಪಳಿಯಲ್ಲಿದ್ದವರು, ಹೊಡೆತ ತಿಂದವರು. ಯಾವ ಊರು, ಎಷ್ಟು ಜನ, ಎಂಥ ಕೋಣೆ, ಏನು ಹಾಸಿಗೆ ಎಂದು ಎಲ್ಲವನ್ನೂ ಬರೆದುಕೊಂಡರು.

1843ರ ಜನವರಿಯಲ್ಲಿ ಅದೆಲ್ಲ ಒಂದು ಮನವಿಯಾಗಿ ರಾಜ್ಯದ ಶಾಸನಸಭೆಗೆ ಹೋಯಿತು. ಹೆಂಗಸರಿಗೆ ಮತವೂ ಇರಲಿಲ್ಲ, ಸಭೆಯಲ್ಲಿ ಮಾತಾಡುವ ರೂಢಿಯೂ ಇರಲಿಲ್ಲ. ಹಾಗಾಗಿ ಸ್ಯಾಮ್ಯುಯೆಲ್ ಗ್ರಿಡ್ಲಿ ಹೌ ಎಂಬ ಸದಸ್ಯರು ಅದನ್ನು ಮಂಡಿಸಿದರು. ಮನವಿಯಲ್ಲಿ ಊರುಗಳ ಹೆಸರಿದ್ದವು. ಆ ಊರಿನ ಅಧಿಕಾರಿಗಳು ಸಿಟ್ಟಿಗೆದ್ದರು. ಇದೆಲ್ಲ ಸುಳ್ಳು, ಉತ್ಪ್ರೇಕ್ಷೆ ಎಂದು ಪತ್ರಿಕೆಗಳಿಗೆ ಬರೆದರು. ಆದರೆ ಕಣ್ಣಾರೆ ಕಂಡು ಬರೆದಿಟ್ಟದ್ದನ್ನು ಅಲ್ಲಗಳೆಯುವುದು ಕಷ್ಟವಾಯಿತು. ವುಸ್ಟರ್‌ನಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ವಿಸ್ತರಿಸಲು ಶಾಸನಸಭೆ ಒಪ್ಪಿತು.

ಗಡಿನಾಡಿನ ಸಂಘ ನಮ್ಮದು. ಶಾಲೆಗೆ ಕನ್ನಡ ಮೇಷ್ಟ್ರು ಬೇಕೆಂದು, ಫಲಕದಲ್ಲಿ ಕನ್ನಡ ಬೇಕೆಂದು ಮನವಿ ಬರೆದೂ ಬರೆದೂ ನಮ್ಮ ಕೈ ಪಳಗಿದೆ. ಎಂಥ ಮನವಿ ಕಡತದಲ್ಲಿ ಮಲಗುತ್ತದೆ, ಎಂಥದ್ದು ಎದ್ದು ನಿಲ್ಲುತ್ತದೆ ಎಂಬುದೂ ತಕ್ಕಮಟ್ಟಿಗೆ ಗೊತ್ತು. ಕಷ್ಟವಾಗಿದೆ, ದಯವಿಟ್ಟು ಗಮನಿಸಿ ಎಂದು ಬರೆದದ್ದು ಮಲಗುತ್ತದೆ. ಇಂಥ ಊರು, ಇಂಥ ದಿನ, ಇಷ್ಟು ಜನ ಎಂದು ಬರೆದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಡಿಕ್ಸ್ ಬರೆದದ್ದು ಈ ಎರಡನೆಯ ಬಗೆಯದು.

ಪಕ್ಕದ ರೋಡ್ ಐಲೆಂಡ್ ರಾಜ್ಯದ ಲಿಟ್ಲ್ ಕಾಂಪ್ಟನ್ ಎಂಬ ಊರಿನಲ್ಲಿ ಅಬ್ರಹಾಂ ಸಿಮನ್ಸ್ ಎಂಬಾತನನ್ನು ಕಿಟಕಿಯಿಲ್ಲದ ಕಲ್ಲಿನ ಗೂಡಿನಲ್ಲಿ ಸರಪಳಿ ಹಾಕಿ ಇಟ್ಟಿದ್ದರು. ಚಳಿಗಾಲದಲ್ಲಿ ಒಳಗೋಡೆಗೆ ಮಂಜು ಕಟ್ಟುತ್ತಿತ್ತು. ಡಿಕ್ಸ್ ಅದನ್ನು ಪತ್ರಿಕೆಗೆ ಬರೆದರು. ಆಮೇಲೆ ಕೈಬಿಗಿಗೆ ಹೆಸರಾಗಿದ್ದ ಸೈರಸ್ ಬಟ್ಲರ್ ಎಂಬ ಶ್ರೀಮಂತರ ಮನೆಗೆ ಹೋಗಿ ಕುಳಿತರು. ಅವರಿಂದ 40,000 ಡಾಲರ್ ವಾಗ್ದಾನ ಪಡೆದೇ ಎದ್ದರು. ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆ ಹೀಗೆ ಬೆಳೆದದ್ದು.

ಅಲ್ಲಿಂದ ಮುಂದೆ ಅವರ ಬದುಕೆಂದರೆ ಪ್ರಯಾಣ. ಕುದುರೆಗಾಡಿ, ಹಬೆದೋಣಿ, ಆಗತಾನೆ ಬಂದ ರೈಲು. ಮೂರು ವರ್ಷಗಳಲ್ಲಿ ತಾವು 18 ರಾಜ್ಯ ಸೆರೆಮನೆ, 300 ಜಿಲ್ಲಾ ಜೈಲು, 500ಕ್ಕೂ ಹೆಚ್ಚು ಬಡವರ ಆಶ್ರಯಮನೆ ನೋಡಿದ್ದಾಗಿ 1845ರಲ್ಲಿ ಅವರೇ ಲೆಕ್ಕ ಕೊಟ್ಟಿದ್ದಾರೆ. ಎಲ್ಲ ಕಡೆಯೂ ಒಂದೇ ಕ್ರಮ. ಮೊದಲು ನೋಡುವುದು, ಬರೆಯುವುದು, ಆಮೇಲೆ ಶಾಸಕರ ಬೆನ್ನು ಹತ್ತುವುದು. ನ್ಯೂಜೆರ್ಸಿ ರಾಜ್ಯದ ಟ್ರೆಂಟನ್‌ನಲ್ಲಿ 1848ರಲ್ಲಿ ಆಸ್ಪತ್ರೆ ತೆರೆಯಿತು. ಅದನ್ನು ಅವರು ತಮ್ಮ ಚೊಚ್ಚಲ ಕೂಸು ಎಂದೇ ಭಾವಿಸಿದ್ದರು.

ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಮಾತ್ರ ಖರ್ಚು ಹೆಚ್ಚೆಂದು ಮಸೂದೆ ಬಿದ್ದುಹೋಗುವ ಹಾಗಿತ್ತು. ಡಿಕ್ಸ್ ಇಳಿದುಕೊಂಡಿದ್ದ ಹೋಟೆಲಿನಲ್ಲೇ ಶಾಸಕ ಜೇಮ್ಸ್ ಡಾಬಿನ್ ಅವರ ಹೆಂಡತಿ ಕಾಯಿಲೆಯಿಂದ ಮಲಗಿದ್ದರು. ಡಿಕ್ಸ್ ಆಕೆಯ ಹಾಸಿಗೆಯ ಪಕ್ಕ ಕುಳಿತು ಆರೈಕೆ ಮಾಡಿದರು. ಆಕೆ ಉಳಿಯಲಿಲ್ಲ. ಸಾಯುವ ಮುಂಚೆ ಗಂಡನನ್ನು ಕರೆದು, ಈ ಮಸೂದೆಯ ಪರವಾಗಿ ಮಾತಾಡಬೇಕೆಂದು ಕೇಳಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಡಾಬಿನ್ ನೇರ ಸಭೆಗೆ ಹೋಗಿ ಮಾತಾಡಿದರು. 1849ರ ಜನವರಿಯಲ್ಲಿ ಮಸೂದೆ ದೊಡ್ಡ ಬಹುಮತದಿಂದ ಗೆದ್ದಿತು. ಆಸ್ಪತ್ರೆಗೆ ತಮ್ಮ ಹೆಸರಿಡಲು ಡಿಕ್ಸ್ ಒಪ್ಪಲಿಲ್ಲ. ಅದು ನಿಂತ ಗುಡ್ಡಕ್ಕೆ ಅಜ್ಜನ ನೆನಪಿನಲ್ಲಿ ಡಿಕ್ಸ್ ಗುಡ್ಡವೆಂದು ಹೆಸರಾಯಿತು.

ಒಂದೊಂದೇ ರಾಜ್ಯ ಸುತ್ತಿದರೆ ಆಯುಸ್ಸು ಸಾಲದು ಎಂದು ಅವರಿಗೆ ಅನ್ನಿಸಿತು. 1848ರಲ್ಲಿ ಇಡೀ ದೇಶದ ಸಂಸತ್ತಿಗೇ ಮನವಿ ಕೊಟ್ಟರು. ಸರ್ಕಾರಿ ಜಮೀನಿನ ಒಂದು ಭಾಗ ತೆಗೆದಿರಿಸಿ, ಅದರ ಹುಟ್ಟುವಳಿಯಿಂದ ದಿಕ್ಕಿಲ್ಲದ ಮಾನಸಿಕ ರೋಗಿಗಳನ್ನು ನೋಡಿಕೊಳ್ಳಬೇಕೆಂಬುದು ಬೇಡಿಕೆ. ಆರು ವರ್ಷ ವಾಷಿಂಗ್ಟನ್ನಿನಲ್ಲಿ ಬೆನ್ನು ಬಿಡದೆ ಓಡಾಡಿದರು. ಕೊನೆಗೆ 1 ಕೋಟಿ 22 ಲಕ್ಷ 25 ಸಾವಿರ ಎಕರೆಯ ಮಸೂದೆಗೆ 1854ರಲ್ಲಿ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಅದರಲ್ಲಿ ಒಂದು ಕೋಟಿ ಎಕರೆ ಮಾನಸಿಕ ರೋಗಿಗಳಿಗೆ, ಉಳಿದದ್ದು ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ. ಆದರೆ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದಕ್ಕೆ ಸಹಿ ಹಾಕಲಿಲ್ಲ. ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದು ರಾಜ್ಯಗಳ ಕೆಲಸ, ಕೇಂದ್ರದ್ದಲ್ಲ ಎಂಬ ಕಾರಣ ಕೊಟ್ಟು ಮಸೂದೆಯನ್ನು ವಾಪಸು ಕಳಿಸಿದರು.

ಇದನ್ನು ಓದಿದಾಗ ನಮ್ಮ ಊರುಗಳ ನೆನಪಾಗದಿರದು. ಇದು ಆ ರಾಜ್ಯದ ಕೆಲಸ, ಅದು ಈ ರಾಜ್ಯದ ಕೆಲಸ ಎಂದು ಕಡತ ಅತ್ತಿಂದಿತ್ತ ಓಡಾಡುವುದನ್ನು ನಾವು ಬಹಳ ನೋಡಿದ್ದೇವೆ. ಹೊಣೆ ಯಾರದೆಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅದು ಯಾರದೂ ಆಗುವುದಿಲ್ಲ.

ಸೋತ ಡಿಕ್ಸ್ ವಿಶ್ರಾಂತಿಗೆಂದು ಇಂಗ್ಲೆಂಡಿಗೆ ಹೋದರು. ವಿಶ್ರಾಂತಿ ಅವರ ಹಣೆಯಲ್ಲಿ ಬರೆದಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಲಾಭಕ್ಕಾಗಿ ನಡೆಸುತ್ತಿದ್ದ ಖಾಸಗಿ ಹುಚ್ಚರ ಮನೆಗಳನ್ನು ಕಂಡು ಸುಮ್ಮನಿರಲಾಗಲಿಲ್ಲ. ಎಡಿನ್‌ಬರೋ ನಗರದ ಮುಖ್ಯಸ್ಥರು ಇವರ ವಿರುದ್ಧ ಲಂಡನ್ನಿಗೆ ದೂರು ಒಯ್ಯುವವರಿದ್ದರು. ಅವರಿಗಿಂತ ಮುಂಚೆಯೇ ರಾತ್ರಿ ರೈಲು ಹಿಡಿದು ಡಿಕ್ಸ್ ಲಂಡನ್ ಸೇರಿದರು, ಗೃಹಮಂತ್ರಿಯನ್ನು ಕಂಡರು. 1855ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. 1857ರಲ್ಲಿ ಸ್ಕಾಟ್ಲೆಂಡಿಗೆ ಹೊಸ ಕಾನೂನು ಬಂತು. ರೋಮಿನಲ್ಲಿ, ಬೇರೆ ಪಂಥದ ಹೆಂಗಸಾಗಿಯೂ, ಪೋಪ್ ಒಂಬತ್ತನೇ ಪಯಸ್ ಅವರನ್ನು ಕಂಡು ಅಲ್ಲಿನ ಆಸ್ಪತ್ರೆಯ ದುಸ್ಥಿತಿ ವಿವರಿಸಿದರು. ಪೋಪ್ ತಾವೇ ಹೋಗಿ ನೋಡಿ ಬಂದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಐವತ್ತೊಂಬತ್ತರ ವಯಸ್ಸಿನ ಡಿಕ್ಸ್ ಉತ್ತರದ ಸೈನ್ಯದ ಮಹಿಳಾ ನರ್ಸ್‌ಗಳ ಮೇಲ್ವಿಚಾರಕಿಯಾದರು. ಸಂಬಳ ಮುಟ್ಟಲಿಲ್ಲ. 3,000ಕ್ಕೂ ಹೆಚ್ಚು ಹೆಂಗಸರು ಸೈನ್ಯದ ಆಸ್ಪತ್ರೆಗಳಲ್ಲಿ ದುಡಿದರು. ಡಿಕ್ಸ್ ಹಾಕಿದ ನಿಯಮಗಳು ಕಟ್ಟುನಿಟ್ಟು. ವಯಸ್ಸು 35ರಿಂದ 50ರೊಳಗೆ, ಬಟ್ಟೆ ಕಂದು ಅಥವಾ ಕಪ್ಪು, ಒಡವೆ ಇಲ್ಲ, ಗುಂಗುರು ಕೂದಲ ಅಲಂಕಾರ ಇಲ್ಲ. ದಿನಕ್ಕೆ 40 ಸೆಂಟ್ ಮತ್ತು ಊಟ. ಜನ ನಕ್ಕರು. ಆದರೆ ಹೆಂಗಸರು ಸೈನ್ಯದ ಆಸ್ಪತ್ರೆಗೆ ಕಾಲಿಡುವುದೇ ಸರಿಯಲ್ಲ ಎನ್ನುತ್ತಿದ್ದ ಕಾಲದಲ್ಲಿ ಆ ಕೆಲಸಕ್ಕೊಂದು ಮರ್ಯಾದೆ ತರುವ ಹಟ ಅವರದು. ಗಾಯಗೊಂಡ ಶತ್ರು ಸೈನಿಕನಿಗೂ ಅದೇ ಆರೈಕೆ ಸಿಗಬೇಕು ಎಂಬುದು ಅವರ ನಿಲುವು.

ಇಲ್ಲಿ ಅವರ ಕುಂದುಗಳನ್ನೂ ಹೇಳಬೇಕು. ಕ್ಯಾಥೊಲಿಕ್ ಸನ್ಯಾಸಿನಿಯರು ನರ್ಸಿಂಗ್‌ನಲ್ಲಿ ನುರಿತವರಾಗಿದ್ದರೂ ಅವರನ್ನು ದೂರವಿಡಲು ನೋಡಿದರು. ವೈದ್ಯರೊಡನೆ ದಿನವೂ ಜಗಳ. ಅಳತೆಗೆ ಸರಿಹೊಂದದ ಎಷ್ಟೋ ಒಳ್ಳೆಯ ಕೈಗಳು ವಾಪಸಾದವು. 1863ರ ಅಕ್ಟೋಬರಿನಲ್ಲಿ ಬಂದ ಆದೇಶವೊಂದು ಅವರ ಅಧಿಕಾರವನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಇನ್ನೂ ದೊಡ್ಡ ಕುಂದು ಬೇರೆ ಇದೆ. ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿದ ಅವರು ಅಲ್ಲಿನ ಗುಲಾಮಗಿರಿಯ ಬಗ್ಗೆ ಬಾಯಿ ಬಿಡಲಿಲ್ಲ. ಬಿಟ್ಟರೆ ಅಲ್ಲಿನ ಶಾಸಕರು ಆಸ್ಪತ್ರೆಗೆ ಹಣ ಕೊಡುತ್ತಿರಲಿಲ್ಲ ಎಂಬುದು ನಿಜ. ಒಂದು ಸರಪಳಿ ಕಂಡ ಕಣ್ಣು ಇನ್ನೊಂದನ್ನು ಕಾಣದೆ ಹೋಯಿತು ಎಂಬುದೂ ನಿಜ.

ಯುದ್ಧ ಮುಗಿದ ಮೇಲೆ ಮತ್ತೆ ತಮ್ಮ ಆಸ್ಪತ್ರೆಗಳ ಸುತ್ತಾಟಕ್ಕೆ ಹೊರಟರು. ಮೂವತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಅವರ ದುಡಿಮೆಯಿಂದ ಹುಟ್ಟಿದ್ದವು ಇಲ್ಲವೇ ಬೆಳೆದಿದ್ದವು. ಆದರೆ ಅಷ್ಟರಲ್ಲಿ ಅವು ತುಂಬಿ ತುಳುಕುತ್ತಿದ್ದವು. ಕೆಲವು ನೂರು ಜನರಿಗೆಂದು ಕಟ್ಟಿದ ಕಡೆ ಅದಕ್ಕೂ ಎಷ್ಟೋ ಪಟ್ಟು ಜನ. ಕೈಕೋಳ, ಬಿಗಿ ಅಂಗಿಗಳು ಹೊಸ ಕಟ್ಟಡದೊಳಗೂ ಬಂದು ಸೇರಿದ್ದವು. 1881ರಲ್ಲಿ ದೇಹ ಸೋತ ಡಿಕ್ಸ್ ಟ್ರೆಂಟನ್ ಆಸ್ಪತ್ರೆಗೇ ಬಂದರು. ಅಲ್ಲೇ ಅವರ ವಾಸಕ್ಕೆ ವ್ಯವಸ್ಥೆಯಾಯಿತು. ತಾವು ಕಟ್ಟಿಸಿದ ಆಸ್ಪತ್ರೆಯಲ್ಲೇ, ಬೇರೆಯವರ ಆರೈಕೆಯಲ್ಲಿ, ಆರು ವರ್ಷ ಕಳೆದು 1887ರ ಜುಲೈ 17ರಂದು ತೀರಿಕೊಂಡರು. ಕೇಂಬ್ರಿಜ್‌ನ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಸಾದಾ ಕಲ್ಲಿನ ಕೆಳಗೆ ಮಲಗಿದ್ದಾರೆ.

ಕಥೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನರ್ಸ್‌ಗಳಿಗೆ ಹೇಳಬೇಕಾದ ಮುಖ್ಯ ಸಂಗತಿ ಆಮೇಲಿನದು. ಅದೇ ಟ್ರೆಂಟನ್ ಆಸ್ಪತ್ರೆಗೆ 1907ರಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯರು ಮುಖ್ಯಸ್ಥರಾಗಿ ಬಂದರು. ಮೊದಲು ಒಳ್ಳೆಯದನ್ನೇ ಮಾಡಿದರು. ಕೈಕಾಲು ಬಿಗಿಯುವ ಸಾಧನಗಳನ್ನು ತೆಗೆಸಿದರು. ಆಮೇಲೆ ಹುಚ್ಚಿಗೆಲ್ಲ ಕಾರಣ ಮೈಯಲ್ಲಿ ಅಡಗಿದ ಸೋಂಕು ಎಂಬ ಸಿದ್ಧಾಂತ ಅವರ ತಲೆಗೆ ಹೊಕ್ಕಿತು. ರೋಗಿಗಳ ಹಲ್ಲು ಕೀಳಿಸಿದರು, ಟಾನ್ಸಿಲ್ ತೆಗೆಸಿದರು, ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. ಬೇಡವೆಂದು ಕೂಗಿದವರನ್ನೂ ಬಿಡಲಿಲ್ಲ. ನೂರಾರು ಜನ ಸತ್ತರು. ವಾರ್ಡಿನಲ್ಲಿ ನರ್ಸ್‌ಗಳಿದ್ದರು, ಆಳುಗಳಿದ್ದರು. ರೋಗಿ ಬೇಡ ಎಂದದ್ದು ಮೊದಲು ಅವರ ಕಿವಿಗೇ ಬಿದ್ದಿರಬೇಕು. ರೋಗಿಯ ಬೇಡ ಎಂಬ ಮಾತಿಗೆ ಬೆಲೆ ಕೊಡುವ ಕಾನೂನು ಆಗ ಇರಲಿಲ್ಲ. ವೈದ್ಯರು ಹೇಳಿದ ಮೇಲೆ ಮುಗಿಯಿತು ಎಂಬುದೇ ನಡೆಯುತ್ತಿತ್ತು.

ಡಿಕ್ಸ್ ಬದುಕಿನಿಂದ ನಾವು ಕಲಿತ ಪಾಠ ಇದೇ. ಒಳ್ಳೆಯ ಮನಸ್ಸು ಸಾಲದು, ಒಳ್ಳೆಯ ಕಟ್ಟಡವೂ ಸಾಲದು. ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ಲೆಕ್ಕ ಕೊಡಬೇಕು. ಆ ಲೆಕ್ಕ ಬರವಣಿಗೆಯಲ್ಲಿರಬೇಕು, ಹೊರಗಿನವರು ಬಂದು ಅದನ್ನು ನೋಡುವಂತಿರಬೇಕು. 1882ರಲ್ಲಿ, ಡಿಕ್ಸ್ ಇನ್ನೂ ಬದುಕಿದ್ದಾಗಲೇ, ಮ್ಯಾಸಚೂಸೆಟ್ಸ್‌ನ ಮೆಕ್ಲೀನ್ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ಆರೈಕೆಗೆಂದೇ ನರ್ಸ್‌ಗಳಿಗೆ ತರಬೇತಿ ಶಾಲೆ ಶುರುವಾಯಿತು. ಅಲ್ಲಿಯವರೆಗೆ ಕಾವಲು ಕಾಯುವವರಾಗಿದ್ದವರು ಕಲಿತ ಶುಶ್ರೂಷಕರಾಗತೊಡಗಿದರು. ನಮ್ಮಲ್ಲಿ ಬೆಂಗಳೂರಿನ ಈಗಿನ ನಿಮ್ಹಾನ್ಸ್‌ನ ಹಿಂದಿನ ಸಂಸ್ಥೆಯಲ್ಲಿ 1950ರ ದಶಕದಲ್ಲೇ ಇಂಥ ತರಬೇತಿ ಆರಂಭವಾಯಿತು.

ನಮ್ಮ ದೇಶ ಹಿಂದೆ ಬಿದ್ದದ್ದು ಕಾನೂನಿನಲ್ಲಿ. ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ, ಡಿಕ್ಸ್ ಮನವಿಗೆ ಸರಿಯಾಗಿ 150 ವರ್ಷ ಆದ ಮೇಲೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಬೆಂದರು. 28 ಜನ ಸತ್ತರು. ಆಗಲೂ ಬೀಗದ ಕೈ ಯಾರದೋ ಹತ್ತಿರ ಇತ್ತು.

ಈಗ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಜಾರಿಯಲ್ಲಿದೆ. ಇದು ಕೇಂದ್ರದ ಕಾಯ್ದೆ. ಕಾಸರಗೋಡಿಗೂ ಹೊಸೂರಿಗೂ ಸೊಲ್ಲಾಪುರಕ್ಕೂ ಆದವಾನಿಗೂ ಒಂದೇ. ನರ್ಸಿಂಗ್‌ನಲ್ಲಿರುವ ನಮ್ಮ ಮಕ್ಕಳೂ ರೋಗಿಯಿರುವ ಮನೆಯವರೂ ಇಷ್ಟನ್ನಾದರೂ ನೆನಪಿಡಬೇಕು.

ಯಾವ ಕಾರಣಕ್ಕೂ ರೋಗಿಗೆ ಸರಪಳಿ ಹಾಕುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಅಗತ್ಯವಿದ್ದಷ್ಟು ಹೊತ್ತು ಮಾತ್ರ ಹಿಡಿದಿಡಬಹುದು ಅಥವಾ ಕಟ್ಟಬಹುದು. ಅದು ಶಿಕ್ಷೆಯಾಗಬಾರದು. ಸಿಬ್ಬಂದಿ ಕಡಿಮೆ ಎಂಬುದೂ ಕಾರಣವಾಗಬಾರದು. ಏಕೆ ಕಟ್ಟಿದರು, ಎಷ್ಟು ಹೊತ್ತು ಎಂಬುದನ್ನು ರೋಗಿಯ ದಾಖಲೆಯಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ರಾತ್ರಿ ಪಾಳಿಯಲ್ಲಿ ಆ ಪುಸ್ತಕ ಬರೆಯುವ ಕೈ ಹೆಚ್ಚಾಗಿ ನರ್ಸ್‌ನದು. ಬರೆಯದೆ ಬಿಟ್ಟ ಒಂದು ಸಾಲು ರೋಗಿಗೂ ಅನ್ಯಾಯ, ನರ್ಸ್‌ಗೂ ಅಪಾಯ.

ರೋಗಿಯ ವಿಷಯ ಗುಟ್ಟಾಗಿರಬೇಕು. ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟು ಯಾರಿಗೂ ಹೇಳುವಂತಿಲ್ಲ. ಬಸ್ಸಿನಲ್ಲಿ ಸಿಕ್ಕ ಊರವರಿಗೆ ಖಂಡಿತ ಇಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸ್ವಂತ ಬಟ್ಟೆ ಬೇಕೆಂದರೆ ಬೇಡವೆನ್ನುವಂತಿಲ್ಲ. ಮಾನಸಿಕ ಆರೋಗ್ಯ ನರ್ಸ್ ಆಗಿ ಕೆಲಸ ಮಾಡುವವರು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಒಂದು ರಾಜ್ಯದಲ್ಲಿ ಓದಿ ಇನ್ನೊಂದರಲ್ಲಿ ಕೆಲಸ ಹಿಡಿಯುವ ನಮ್ಮ ಮಕ್ಕಳು ಇದನ್ನು ಮರೆಯಬಾರದು. ಕಾಯ್ದೆ ಮುರಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲೆದಾಡುವ ರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ.

ನಮ್ಮಂಥವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ತನ್ನ ಕಾಯಿಲೆ, ಚಿಕಿತ್ಸೆಯ ಬಗ್ಗೆ ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿದುಕೊಳ್ಳುವ ಹಕ್ಕು ರೋಗಿಗೆ ಇದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಗಡಿಯ ಆಚೆಯ ಆಸ್ಪತ್ರೆಯಲ್ಲಿ ಕನ್ನಡವಷ್ಟೇ ಬಲ್ಲ ಅಜ್ಜಿಯೊಬ್ಬರು ಮಲಗಿದ್ದರೆ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದು ಯಾರೋ ತೋರಿಸುವ ಕೃಪೆಯಲ್ಲ. ಅದು ಅವರ ಹಕ್ಕು.

ಆ ಬೀಗದ ಬಾಗಿಲಿಗೆ ಮರಳುತ್ತೇವೆ. ಆ ಮನೆಯವರು ಕೆಟ್ಟವರಲ್ಲ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಗೊತ್ತಿಲ್ಲದೆ, ಊರವರ ಬಾಯಿಗೆ ಹೆದರಿ ಬೀಗ ಹಾಕಿದವರು. ಮರುವರ್ಷ ಆ ಕೋಣೆಯಲ್ಲಿದ್ದವರು ತೀರಿಕೊಂಡರು. ಸಂತಾಪ ಹೇಳಲು ಸಂಘದ ಪರವಾಗಿ ನಾವೇ ಹೋಗಿದ್ದೆವು. ಹಾರವನ್ನೂ ಕೊಂಡೊಯ್ದಿದ್ದೆವು. ಅಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಒಳಗಿರುವವರು ಊಟ ಮಾಡಿದ್ದಾರೆಯೇ ಎಂದಾದರೂ ಕೇಳಬಹುದಿತ್ತು.

ಆದ್ದರಿಂದ ಸದಸ್ಯರಲ್ಲಿ ವಿನಂತಿ. ಮನೆಯಲ್ಲಿ ಇಂಥ ಕಷ್ಟವಿದ್ದವರು 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಗೆ ಕರೆ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಎಲ್ಲಾದರೂ ಒಬ್ಬರನ್ನು ಕೂಡಿಹಾಕಿ ಹಿಂಸಿಸುತ್ತಿರುವುದು, ಅಲಕ್ಷ್ಯ ಮಾಡುತ್ತಿರುವುದು ಕಂಡರೆ ಅದನ್ನು ಪೊಲೀಸರಿಗೆ ತಿಳಿಸುವುದು ಯಾರಿಗೇ ಆಗಲಿ ಕಾಯ್ದೆ ಹೊರಿಸಿದ ಹೊಣೆ. ಅವರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಆದರೆ ಅದಕ್ಕೂ ಮುಂಚೆ ನೆರೆಹೊರೆಯವರಾಗಿ ಬಾಗಿಲು ತಟ್ಟಿ ಕೇಳೋಣ. ಆಸ್ಪತ್ರೆಗೆ ಜೊತೆಗೆ ಹೋಗಿ ಭಾಷೆಗೆ ನೆರವಾಗಲು ಒಪ್ಪುವ ಸದಸ್ಯರ ಪಟ್ಟಿಯನ್ನು ಊರುವಾರು ತಯಾರಿಸಬೇಕೆಂದಿದ್ದೇವೆ. ಮುಂದಿನ ಮಾಸಿಕ ಸಭೆಗೆ ಬಂದು ಹೆಸರು ಬರೆಸಿ. ನಮ್ಮ ಹೆಸರನ್ನು ಮೊದಲ ಸಾಲಿನಲ್ಲಿ ಬರೆದುಕೊಂಡಿದ್ದೇವೆ. ನರ್ಸಿಂಗ್‌ನಲ್ಲಿರುವ ಮಕ್ಕಳು ಅಂದು ಬಂದು ತಮ್ಮ ಅನುಭವ ಹೇಳಿದರೆ ಎಲ್ಲರಿಗೂ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಪರವಾಗಿ